ಅಣ್ಣನ ವ್ಯಾನಿನ ಸೈಲೆನ್ಸರು

ಕಳೆದ ಶ್ರಾವಣದಲ್ಲಿ ಧಾರವಾಡದಿಂದ ಇಳಕಲ್ಲಿಗೆ ಹೊರಟಿದ್ದೆ. ಹುನಗುಂದದಲ್ಲಿ ಬಸ್ಸು ಚಹಾಕ್ಕೆಂದು ನಿಂತಿತು. ಮಧ್ಯಾಹ್ನದ ಹೊತ್ತು, ಆದರೆ ಬಿಸಿಲಿನ ಸುಳಿವಿಲ್ಲ, ಜಿಟಿಜಿಟಿ ಮಳೆ. ಸ್ಟ್ಯಾಂಡಿನ ಹೊರಗೆ ಒಂದು ಹಳೆಯ ಬಿಳಿ ವ್ಯಾನು ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಗಾಜೆಲ್ಲ ಮುಚ್ಚಿದ್ದವು. ಸುಟ್ಟ ಪೆಟ್ರೋಲಿನ ವಾಸನೆ ಆ ತೇವದಲ್ಲಿ ಮೇಲೇಳಲಾರದೆ ನೆಲದ ಮೇಲೇ ಮಲಗಿತ್ತು. ಒಳಗೆ ಡ್ರೈವರ್ ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದ. ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಎಲ್ಲಿಟ್ಟೆನೋ ನೆನಪಿಲ್ಲ, ಹೋಗಿ ಗಾಜು ಬಡಿದೆ.

ಅವನು ಗಾಬರಿಯಾಗಿ ಎದ್ದ. "ಏನ್ರೀ ಅಕ್ಕಾರ, ಬಾಡಿಗಿ ಐತೇನ್ರಿ?"

"ಇಲ್ಲ. ಗಾಜ ತೆಗೀರಿ."

"ಮಳಿ ಒಳಗ ಬರ್ತೈತ್ರಿ."

"ಬರ್ಲಿ. ಇಲ್ಲಾಂದ್ರ ಎಂಜಿನ್ ಬಂದ್ ಮಾಡ್ರಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆರ್‌ಟಿಓದವರೇನ್ರಿ?"

ಅಲ್ಲವೆಂದೆ. ಹುಚ್ಚಿಯ ಜೊತೆ ಎಂಥ ವಾದ ಎನ್ನುವ ಹಾಗೆ ನಾಲ್ಕು ಬೆರಳು ಗಾಜು ಸರಿಸಿ, ಆ ಕಡೆ ಮುಖ ತಿರುಗಿಸಿದ. ಬಸ್ಸು ಹಾರ್ನ್ ಹೊಡೆಯುವ ತನಕ ನಾನು ಅಲ್ಲೇ ಮಳೆಯಲ್ಲಿ ನಿಂತಿದ್ದೆ.

ನನ್ನ ಅಣ್ಣ ಮಹಾಂತೇಶ ಇಂಥದೇ ವ್ಯಾನಿನಲ್ಲಿ, ಇಂಥದೇ ಮಳೆಯಲ್ಲಿ, ಹೀಗೇ ಕೂತಲ್ಲೇ ತೀರಿಕೊಂಡ. ಹೇಗೆ ತೀರಿಕೊಂಡ ಎನ್ನುವುದು ಇಳಕಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಎನ್ನುವುದು ಮೂರೇ ಜನಕ್ಕೆ ಗೊತ್ತು. ಅದು ನಾನು ಇಂಜಿನಿಯರಿಂಗ್ ಮುಗಿಸಿದ ವರ್ಷ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳುವಾಗ ಈಗಲೂ ಎದೆ ಸ್ವಲ್ಪ ಮುಂದಕ್ಕೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಬೇರೆಯವರ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ನಾನು ಏಳನೆಯ ತರಗತಿಯಲ್ಲಿದ್ದಾಗ ಹೋದ. ಅವ್ವ ಮನೆಯಲ್ಲಿ ರಾಟೆಯ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿಕೊಡುತ್ತಿದ್ದಳು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಹತ್ತನೆಯದಕ್ಕೆ ಪುಸ್ತಕ ಇಟ್ಟು ಸ್ಟಿಯರಿಂಗ್ ಹಿಡಿದವನು ಕೊನೆಗೆ ಮೂರು ಕೈ ದಾಟಿ ಬಂದ ಒಂದು ಬಿಳಿ ವ್ಯಾನು ಕೊಂಡ. ಇಳಕಲ್ಲು, ಹುನಗುಂದ, ಕೂಡಲಸಂಗಮ, ಬಾದಾಮಿ ಎಂದು ಬಾಡಿಗೆ ಹೊಡೆಯುತ್ತಿದ್ದ. ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವ ಜಾತಿಯ ಗಾಡಿ ಅದು. ಬೇಸಿಗೆಯಲ್ಲಿ ಕೂತವರ ಕೆಳಗೆ ಒಲೆ ಹೊತ್ತಿಸಿದ ಹಾಗೆ.

ಬಾಗಲಕೋಟೆಯಲ್ಲಿ ನನಗೆ ಮೆಕ್ಯಾನಿಕಲ್ ಸೀಟು ಸಿಕ್ಕಾಗ ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಅಂದಿದ್ದರು: "ಹೆಣ್ಣಹುಡುಗಿ ಸ್ಪ್ಯಾನರ್ ಹಿಡೀತಾಳೇನೋ ಮಾಂತೇಶ?"

"ಅಕಿ ಯಾಕ ಹಿಡೀತಾಳ್ರಿ ಕಾಕಾ? ಹಿಡಿಯಾವರಿಗೆ ಹೆಂಗ ಹಿಡೀಬೇಕಂತ ಹೇಳ್ತಾಳ" ಎಂದ ಅಣ್ಣ.

ಕೊನೆಯ ವರ್ಷ ಪ್ರಾಜೆಕ್ಟು. ನಮ್ಮ ಗೈಡ್ ಸರ್ ಕೊಟ್ಟ ವಿಷಯ ಇಷ್ಟು: ವಾಹನದ ಸೈಲೆನ್ಸರಿನ ಒಳಗೆ ಹೊಗೆ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಬೇಕು, ಎಲ್ಲಿ ತಡೆಯಾಗುತ್ತದೆ ಹುಡುಕಬೇಕು, ಅದನ್ನು ಕಡಿಮೆ ಮಾಡುವ ದಾರಿ ಹೇಳಬೇಕು. "ಪುಸ್ತಕದಾಗಿನ ಸೈಲೆನ್ಸರ್ ನನಗ ಬ್ಯಾಡ. ಖರೇನ ರಸ್ತಾದ ಮ್ಯಾಲ ಓಡಿದ್ದ ತರ್ರಿ" ಎಂದರು. ತಂಡದಲ್ಲಿ ನಾಲ್ಕು ಮಂದಿಯೆಂದು ಹೆಸರು. ಸೈಲೆನ್ಸರು ತರುವ ಹೊಣೆ ನನ್ನ ತಲೆಗೆ ಬಂತು.

ಅಣ್ಣನಿಗೆ ಫೋನು ಮಾಡಿದೆ. ಅವನ ಸೈಲೆನ್ಸರು ತುಕ್ಕು ತಿಂದು ಆಗಲೇ ತಗಡಿನ ಡಬ್ಬಿಯ ಹಾಗೆ ಬಡಕೊಳ್ಳುತ್ತಿತ್ತು, ಗಾಡಿ ಏರು ಹತ್ತುತ್ತಿರಲಿಲ್ಲ.

"ನಂದ ತಗೋಳವಾ ಇಂಜಿನೇರ್ ಬಾಯಿ. ಹೆಂಗೂ ಅದಕ್ಕ ಮುಪ್ಪ ಬಂದೈತಿ. ಸತ್ತ ಮ್ಯಾಲ ದೇಹ ದಾನಾ ಮಾಡಿದ ಪುಣ್ಯ ಸಿಗ್ಲಿ ಅದಕ್ಕ."

ಇಳಕಲ್ಲಿನ ಹೊರರಸ್ತೆಯಲ್ಲಿ ಹುಸೇನಸಾಬರ ವೆಲ್ಡಿಂಗ್ ಅಂಗಡಿ. ಅಣ್ಣ ಅವರನ್ನು ಚಾಚಾ ಎನ್ನುತ್ತಿದ್ದ, ನಾನೂ ಹಾಗೇ. ಆ ಭಾಗದ ಸೈಲೆನ್ಸರುಗಳ ರಿಪೇರಿಯೆಂದರೆ ಅವರದೇ. ಬಂದ ಗಾಡಿಯನ್ನು ಚಾಲೂ ಮಾಡಿಸಿ, ಹೊಗೆ ಬರುವ ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿದು, ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ "ಒಳಗ ಪ್ಲೇಟ್ ಬಿದ್ದೈತಿ" ಎಂದೋ "ತೂತ ಕಟ್ಟ್ಯಾವ" ಎಂದೋ ಹೇಳುವರು. ಕೊಯ್ದು ನೋಡಿದರೆ ಹಾಗೇ ಇರುತ್ತಿತ್ತು.

ಫೆಬ್ರುವರಿಯ ಒಂದು ರವಿವಾರ ಅಣ್ಣನ ಸೈಲೆನ್ಸರು ಬಿಚ್ಚಿ, ಕಲ್ಲಂಗಡಿ ಹಣ್ಣಿನಂತೆ ಉದ್ದಕ್ಕೆ ಎರಡು ಹೋಳು ಮಾಡಿದರು. ಒಳಗೆ ಮೂರು ಕೋಣೆ, ನಡುವೆ ತಗಡಿನ ಗೋಡೆಗಳು, ಗೋಡೆ ದಾಟಿ ಹೋಗುವ ತೂತಿನ ಕೊಳವೆಗಳು. ಎಲ್ಲದಕ್ಕೂ ಬೆರಳು ದಪ್ಪ ಮಸಿ.

"ನಲವತ್ತ ವರ್ಷ ಇದರ ಹೊಟ್ಟಿ ಹೊಲದೀನಿ ಬೇಟಿ. ಕರಳ ಎಣಸಾಕ ಬಂದಾಕಿ ನೀನ ಮೊದಲ" ಎಂದು ಚಾಚಾ ನಕ್ಕರು.

ನಾನು ವರ್ನಿಯರ್ ಹಿಡಿದು ಒಂದೊಂದು ತೂತಿನ ಅಳತೆ ಬರೆದುಕೊಂಡೆ. ಮೊಣಕೈತನಕ ಮಸಿ. ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತು, ನಾನು ಹೇಳಿದ ಅಂಕಿಗಳನ್ನು ತನ್ನ ಹತ್ತನೆಯ ತರಗತಿಯ ಅಕ್ಷರದಲ್ಲಿ ನೋಟುಬುಕ್ಕಿಗೆ ಇಳಿಸಿದ. ಅವನಿಗೆ ಅರ್ಥವಾಗುವಂತೆ ಹೇಳಿದೆ: ಎಂಜಿನ್ನು ಒಂದೊಂದು ಸಲ ಹೊಡೆದಾಗಲೂ ಹೊಗೆ ಸಿಟ್ಟಿನಿಂದ ಹೊರಗೆ ನುಗ್ಗುತ್ತದೆ, ಈ ಕೋಣೆಗಳಲ್ಲಿ ತಿರುಗಿ ತಿರುಗಿ ಸಿಟ್ಟು ಇಳಿಸಿಕೊಂಡು ಮೆತ್ತಗೆ ಹೊರಬೀಳುತ್ತದೆ. ತಡೆ ಹೆಚ್ಚಾದರೆ ಎಂಜಿನ್ನಿಗೆ ಉಸಿರು ಬಿಡುವುದಕ್ಕೇ ಶಕ್ತಿ ಖರ್ಚಾಗುತ್ತದೆ.

"ಅಂದ್ರ ನನ್ನ ಗಾಡಿಗೆ ದಮ್ಮ ಹತ್ತಿತ್ತು ಅನ್ನು" ಎಂದ ಅಣ್ಣ.

"ಹೂಂ, ದಮ್ಮ."

"ನೋಡ್ರಿ ಚಾಚಾ, ಗಾಡಿಗೆ ಡಾಕ್ಟರ್ ಆಗ್ಯಾಳ ನಮ್ಮ ತಂಗಿ."

ಹೊಸದು ಆಗುವ ತನಕ ಓಡಲಿ ಎಂದು ಚಾಚಾ ಅವನ ಗಾಡಿಗೆ ಬೇರೊಂದು ಹಳೆಯ ಸೈಲೆನ್ಸರು ಕಟ್ಟಿಕೊಟ್ಟರು.

ಮಾರ್ಚಿ, ಏಪ್ರಿಲ್ ಎರಡೂ ತಿಂಗಳು ಕಾಲೇಜಿನ ಲ್ಯಾಬಿನಲ್ಲೇ ಕಳೆದವು. ಬಾಗಲಕೋಟೆಯ ಆ ಬಿಸಿಲಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಕಂಪ್ಯೂಟರಿನಲ್ಲಿ ಮೊದಲು ಸೈಲೆನ್ಸರಿನ ಒಳಗಿನ ಖಾಲಿ ಜಾಗವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಒಡೆಯಬೇಕು. ಒಂದೊಂದು ಚೌಕದಲ್ಲೂ ಹೊಗೆಯ ವೇಗ, ಒತ್ತಡ, ಬಿಸಿ ಎಷ್ಟೆಂದು ಅದು ಲೆಕ್ಕ ಹಾಕುತ್ತದೆ. ಚೌಕ ಸಣ್ಣದಾದಷ್ಟೂ ಲೆಕ್ಕ ನಿಜಕ್ಕೆ ಹತ್ತಿರ. ನಮ್ಮದು ವಿದ್ಯಾರ್ಥಿಗಳಿಗೆಂದು ಪುಕ್ಕಟೆ ಕೊಟ್ಟ ಸಾಫ್ಟ್‌ವೇರು. ಇಷ್ಟೇ ಚೌಕ, ಇದರ ಮೇಲೆ ಒಂದೂ ಇಲ್ಲ ಎಂದು ಅದಕ್ಕೊಂದು ಮಿತಿ. ತೂತಿನ ಕೊಳವೆಗಳೇ ಬಹಳಷ್ಟು ಚೌಕ ನುಂಗಿಬಿಟ್ಟವು. ಕೊನೆಗೆ ಕಡಿಮೆ ಬಿತ್ತು.

ಯುಗಾದಿಗೆ ಮನೆಗೆ ಬಂದಾಗ, ರಾಟೆ ತಿರುಗಿಸುತ್ತ ಕೂತಿದ್ದ ಅವ್ವನ ಮುಂದೆ ಇದನ್ನೇ ಹೇಳಿಕೊಂಡೆ. ಅವಳಿಗೆ ಹೇಗೆ ಹೇಳುವುದು? ನೂಲಿನ ಲೆಕ್ಕದಲ್ಲಿ ಹೇಳಿದೆ. "ಎಳಿ ದಟ್ಟ ಇದ್ದಷ್ಟ ಬಟ್ಟಿ ಚಂದ ಅಲ್ಲನವ್ವ? ನನಗ ಕೊಟ್ಟ ನೂಲು ಸಾಲವಲ್ದು."

ಅವ್ವ ರಾಟೆ ನಿಲ್ಲಿಸದೆ ಅಂದಳು: "ನೂಲ ಕಡಿಮಿ ಬಿದ್ರ ಮೈ ಕೆಡಸೂದಿಲ್ಲವಾ. ಸೀರಿ ಸೆರಗ ಗಿಡ್ಡ ಮಾಡತಾರ."

ಎಷ್ಟು ಸರಿಯಾದ ಮಾತು! ಸೈಲೆನ್ಸರಿನ ಮೈಯನ್ನು ಹಾಗೇ ಉಳಿಸಿಕೊಂಡೆ. ಅದರಿಂದ ಹೊರಟು ಗಾಡಿಯ ಹಿಂದಿನ ಬಂಪರ್ ದಾಟುವ ತನಕ ಹೋಗುವ ಉದ್ದನೆಯ ಕೊಳವೆ, ಚಾಚಾ ಅದಕ್ಕೆ ಬಾಲ ಎನ್ನುತ್ತಿದ್ದರು, ಅದನ್ನು ಕಂಪ್ಯೂಟರಿನ ಚಿತ್ರದಲ್ಲಿ ಒಂದು ಗೇಣಿಗೆ ಕತ್ತರಿಸಿದೆ. ನೇರ ಕೊಳವೆ. ಅಲ್ಲಿ ಒತ್ತಡ ಹೆಚ್ಚು ಕಡಿಮೆ ಆಗುವುದು ಅಷ್ಟಕ್ಕಷ್ಟೇ. ಉಳಿದ ಚೌಕಗಳನ್ನೆಲ್ಲ ಒಳಗಿನ ಕೋಣೆಗಳಿಗೆ ಹಂಚಿದೆ. ಲೆಕ್ಕ ಚೆಂದ ಕೂತಿತು. ಇದು ಎಲ್ಲರೂ ಮಾಡುವ ಕೆಲಸ, ತಪ್ಪಲ್ಲ. ಎಲ್ಲಿಗೆ ಕತ್ತರಿಸಿದೆವು, ಯಾಕೆ ಎನ್ನುವುದನ್ನು ವರದಿಯಲ್ಲಿ ಬರೆಯಬೇಕು, ಅದನ್ನೂ ಬರೆದೆವು.

ನಡುವಿನ ಗೋಡೆಯಲ್ಲಿ ತೂತು ಹೆಚ್ಚಿಸಿ, ಒಂದು ಕೊಳವೆಯನ್ನು ಸ್ವಲ್ಪ ಸರಿಸಿದಾಗ ತಡೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಮೊದಲಿನ ಚಿತ್ರದಲ್ಲಿ ಕೆಂಪಗೆ ಉರಿಯುತ್ತಿದ್ದ ಕೋಣೆ ಈಗ ಹಸಿರಾಗಿ, ನೀಲಿಯಾಗಿ ತಣ್ಣಗಾಯಿತು. ಆ ಬಣ್ಣದ ಚಿತ್ರವನ್ನೂ, ಅಳತೆ ಹಾಕಿದ ನಕ್ಷೆಯನ್ನೂ ಪ್ರಿಂಟು ತೆಗೆದು ಮನೆಗೆ ಒಯ್ದೆ. ಸುಮ್ಮನೆ ತೋರಿಸಲೆಂದು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ.

"ಇದು ನನ್ನ ಗಾಡೀದ?"

"ಹೂಂ. ನಿನ್ನ ಗಾಡೀದ, ಸುಧಾರಿಸಿದ್ದು."

"ಹಂಗಾದ್ರ ಹಿಂಗ ಮಾಡಸ್ತೇನಿ."

"ಇದು ಪ್ರಾಜೆಕ್ಟ್ ಅಣ್ಣಾ."

"ಪ್ರಾಜೆಕ್ಟ್ ಅಂದ್ರ ಸುಳ್ಳೇನ?"

ಸುಳ್ಳು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾಲ್ಕು ವರ್ಷ ಹೊರೆ ಹೊತ್ತು ಓದಿಸಿದವನು. ತಂಗಿ ಓದಿದ್ದು ಅವನ ಕೈಗೆ ಸಿಗುವ ವಸ್ತುವಾಗಿ ಬಂದದ್ದು ಅದೇ ಮೊದಲು. ಬಣ್ಣದ ಚಿತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ ಸ್ಟಿಯರಿಂಗಿನ ಮುಂದೆ, ಬಸವಣ್ಣನ ಫೋಟೋದ ಪಕ್ಕ ಅಂಟಿಸಿಕೊಂಡ. ಕೂತ ಪ್ಯಾಸೆಂಜರಿಗೆಲ್ಲ ತೋರಿಸುತ್ತಿದ್ದನಂತೆ. ಬಾದಾಮಿಗೆ ಹೊರಟ ಯಾರೋ ಅಜ್ಜಿ "ಯಾವ ದೇವರೋ ಯಪ್ಪಾ ಇದು?" ಎಂದು ಕೈ ಮುಗಿದಳೆಂದು ಹೇಳಿ, ಬಿದ್ದು ಬಿದ್ದು ನಕ್ಕಿದ್ದ.

ಮೇ ತಿಂಗಳಲ್ಲಿ, ಪ್ರಾಜೆಕ್ಟು ಒಪ್ಪಿಸಲು ನಾಲ್ಕು ದಿನ ಉಳಿದಿತ್ತು. ನಾನು ಲ್ಯಾಬಿನಲ್ಲಿದ್ದೆ. ಕೊನೆಯ ಲೆಕ್ಕ ಓಡುತ್ತಿತ್ತು. ತೆರೆಯ ಮೇಲಿನ ಗೆರೆಗಳು ಇಳಿದು ಸಮನಾದರೆ ಲೆಕ್ಕ ಕೂತ ಹಾಗೆ, ಮೇಲೆ ಹಾರಿದರೆ ಎಲ್ಲ ಮೊದಲಿನಿಂದ. ಗೆರೆಗಳು ಇಳಿಯುತ್ತಿದ್ದವು. ಅಷ್ಟರಲ್ಲಿ ಅಣ್ಣನ ಫೋನು. ಹಿಂದೆ ವೆಲ್ಡಿಂಗಿನ ಚರಚರ ಸದ್ದು.

"ಶಿಲ್ಪಿ, ಚಾಚಾನ ಅಂಗಡ್ಯಾಗ ಅದೇನಿ. ಬಾಲದ ಅಳತಿ ಕೇಳಾಕತ್ಯಾರ. ನಿನ್ನ ಚಿತ್ರದಾಗ ಒಂದ ಗೇಣ ಐತಲ್ಲ, ಅಷ್ಟ ಇಡೂದೇನ?"

"ಅಣ್ಣಾ, ನಾ ಲ್ಯಾಬಿನ್ಯಾಗ ಅದೇನಿ. ಚಿತ್ರದಾಗ ಹೆಂಗೈತಿ ಹಂಗ ಮಾಡ್ರಿ. ಫೋನ್ ಇಡ್ತೇನಿ."

ಅಷ್ಟೇ ಮಾತು. ಬಾಲ ಎಂದದ್ದು ಕಿವಿಗೆ ಬಿದ್ದಿತ್ತು. ಒಂದು ಗೇಣು ಎಂದದ್ದೂ ಬಿದ್ದಿತ್ತು. ಕಣ್ಣು ಗೆರೆಗಳ ಮೇಲಿತ್ತು. ಗೆರೆಗಳು ಸಮನಾದವು, ನಾವು ನಾಲ್ವರೂ ಎದ್ದು ಚಪ್ಪಾಳೆ ತಟ್ಟಿದೆವು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಚಿತ್ರದ ತುದಿಯ ಮೇಲೆ ಪೆನ್ನಿಟ್ಟರು. "ಈ ಕೊಳವೆಯನ್ನು ಇಲ್ಲಿಗೇ ಯಾಕೆ ನಿಲ್ಲಿಸಿದ್ದೀರಿ? ನಿಜವಾದದ್ದು ಇನ್ನೂ ಉದ್ದ ಇರುತ್ತಲ್ಲ?" ನಾನು ತಡವರಿಸಲಿಲ್ಲ. ಲೆಕ್ಕದ ಮಿತಿ, ನೇರ ಕೊಳವೆ, ಒತ್ತಡದ ವ್ಯತ್ಯಾಸ ಕಡಿಮೆ ಎಂದು ಒಂದೇ ಉಸಿರಿಗೆ ಹೇಳಿದೆ. "ಇದನ್ನು ಬರೆದಿದ್ದೀರಾ?" ಎಂದರು. ವರದಿಯ ಪುಟ ತೆಗೆದು ತೋರಿಸಿದೆ. ತಲೆಯಾಡಿಸಿದರು. ಇಷ್ಟು ಹೇಳುವಾಗಲೂ ಇಳಕಲ್ಲಿನಲ್ಲಿ ಓಡುತ್ತಿದ್ದ ಒಂದು ಬಿಳಿ ವ್ಯಾನು ನನಗೆ ನೆನಪಾಗಲಿಲ್ಲ. ನನ್ನ ತಲೆಯಲ್ಲಿ ಆ ಸೈಲೆನ್ಸರು ಕಾಗದದ ಮೇಲೆಯೇ ಇತ್ತು. ಅದಕ್ಕೆ ಮೇಲೊಂದು ಗಾಡಿ, ಗಾಡಿಯ ನೆಲದಲ್ಲಿ ರಬ್ಬರ್ ಚಾಪೆಯ ಕೆಳಗೆ ತುಕ್ಕಿನ ತೂತು, ಅದರ ಮೇಲೆ ಕೂತ ನನ್ನ ಅಣ್ಣ ಇರಲಿಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಅಣ್ಣ ಸ್ಟ್ಯಾಂಡಿಗೆ ಗಾಡಿ ತಂದಿದ್ದ. ನಾನು ಕೂತೊಡನೆ ಒಮ್ಮೆ ಜೋರಾಗಿ ರೇಸ್ ಮಾಡಿ ಕೇಳಿಸಿದ. ಹಳೆಯ ಬಡಬಡ ಇಲ್ಲ, ಗಂಟಲು ತೆರೆದ ಗಾಯಕನ ಹಾಗೆ ತುಂಬಿದ ಸದ್ದು. ಏರಿನಲ್ಲಿ ಗಾಡಿ ಒಂದು ಗೇರು ಇಳಿಸದೆ ಹತ್ತಿತು. "ದಮ್ಮ ಹೋತು ನೋಡು" ಎಂದ. ಗಾಜೆಲ್ಲ ತೆರೆದಿದ್ದವು, ಬೇಸಿಗೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದ ಸವಾರಿ ಇನ್ನೊಂದಿಲ್ಲ.

ಮಳೆ ಹಿಡಿದ ಮೇಲೆ ಅವನು ಆಗಾಗ ಹಣೆ ಹಿಡಿದುಕೊಂಡು ಮನೆಗೆ ಬರತೊಡಗಿದ. "ತಲಿ ಸಿಡಿಯಾಕತ್ತೈತಿ. ಓಡಸೂವಾಗ ಏನಿಲ್ಲ, ಗಾಡ್ಯಾಗ ಸುಮ್ನ ಕುಂತಾಗ ಹಿಡಕೋತೈತಿ." ನಾನು ಹೊಸ ಇಂಜಿನಿಯರು. ದಿನಕ್ಕೆ ಹತ್ತು ಸಲ ಚಹಾ ಕುಡಿಯುವುದನ್ನು ಬಿಡು, ಕಣ್ಣು ತೋರಿಸಿಕೊ ಎಂದು ಬುದ್ಧಿ ಹೇಳಿದೆ. ಅವನು ಚಹಾ ಬಿಟ್ಟ. ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದ.

ಶ್ರಾವಣದಲ್ಲಿ ಹುನಗುಂದದ ಒಂದು ಕುಟುಂಬವನ್ನು ಬಾದಾಮಿ, ಪಟ್ಟದಕಲ್ಲು ನೋಡಿಸಲು ಕರೆದೊಯ್ದ. ಮುಂಜಾನೆ ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಆ ವಾರ ಗಾಡಿಯ ಬ್ಯಾಟರಿ ಕೈಕೊಟ್ಟಿತ್ತು. ಒಮ್ಮೆ ಬಂದ್ ಮಾಡಿದರೆ ನಾಲ್ಕು ಮಂದಿ ನೂಕದೆ ಚಾಲೂ ಆಗುತ್ತಿರಲಿಲ್ಲ. ಪಟ್ಟದಕಲ್ಲಿನಲ್ಲಿ ಆ ಕುಟುಂಬದವರು ಗುಡಿಗಳನ್ನು ನೋಡಲು ಇಳಿದಾಗ ಮಳೆ ಶುರುವಾಗಿತ್ತು. ಆ ಮಳೆಯಲ್ಲಿ ನೂಕುವವರು ಯಾರು? ಎಂಜಿನ್ನು ಚಾಲೂ ಇಟ್ಟು, ಗಾಜು ಮುಚ್ಚಿ ಕೂತ. ಮಳೆ ಜೋರಾಯಿತು. ಅವರು ಕಲ್ಲಿನ ಗುಡಿಯ ಒಳಗೇ ಮಳೆ ನಿಲ್ಲಲೆಂದು ಕಾದರು, ಒಂದು ತಾಸಿಗೂ ಹೆಚ್ಚು. ತಿರುಗಿ ಬಂದು ನೋಡಿದರೆ ಡ್ರೈವರ್ ನಿದ್ದೆ ಮಾಡುತ್ತಿದ್ದಾನೆ. ಪಾಪ ದಣಿದಿದ್ದಾನೆ ಎಂದು ಮೊದಲು ಮೆಲ್ಲಗೆ ಕರೆದರಂತೆ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರು, ಗಾಡಿಯ ಹೊಗೆ ಒಳಗೆ ತುಂಬಿ ಹೋಗಿದ್ದಾನೆ, ಹೊಗೆಯೊಳಗಿನ ವಿಷದ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅವನಿಗೆ ತಿಳಿದೇ ಇರಲಿಕ್ಕಿಲ್ಲ ಎಂದರು. ಅಣ್ಣನ ಕೆನ್ನೆ ಕೆಂಪಗಿತ್ತು. ಬಿಸಿಲಲ್ಲಿ ಓಡಿಬಂದವನ ಹಾಗೆ. ಊರವರು ಹಳೆಯ ಗಾಡಿ ಎಂದರು, ಹಣೆಬರಹ ಎಂದರು, ಕಣ್ಣು ಬಿತ್ತು ಎಂದರು. ನಾನು ಎಲ್ಲರ ಜೊತೆ ಅತ್ತೆ. ಅಲ್ಲಿಯವರೆಗೆ ನನ್ನ ಅಳು ಉಳಿದವರ ಅಳುವಿನಂತೆಯೇ ಇತ್ತು.

ಹನ್ನೊಂದನೆಯ ದಿನ ಪೊಲೀಸರು ಗಾಡಿ ಬಿಟ್ಟುಕೊಟ್ಟರು. ಯಾರೋ ತಂದು ಮನೆಯ ಮುಂದೆ ನಿಲ್ಲಿಸಿ ಹೋದರು. ಒಳಗೆ ಆ ಬಣ್ಣದ ಚಿತ್ರ ಹಾಗೇ ಇತ್ತು. ನಾನು ಯಾಕೆ ಬಗ್ಗಿದೆನೋ ತಿಳಿಯದು, ನೆಲಕ್ಕೆ ಕೂತು ಗಾಡಿಯ ಕೆಳಗೆ ನೋಡಿದೆ. ಸೈಲೆನ್ಸರು ಹೊಸದಾಗಿ ಹೊಳೆಯುತ್ತಿತ್ತು. ಅದರಿಂದ ಹೊರಟ ಕೊಳವೆ ಬಂಪರಿನ ತನಕ ಹೋಗಿರಲಿಲ್ಲ. ಗಾಡಿಯ ನಟ್ಟನಡುವೆ, ಹೊಟ್ಟೆಯ ಕೆಳಗೇ ನಿಂತುಬಿಟ್ಟಿತ್ತು. ಅದರ ಬಾಯಿಯ ಮೇಲೆ ನೆಲದ ತಗಡಿಗೆಲ್ಲ ಮಸಿ. ಮಸಿಯ ನಡುವೆ ತುಕ್ಕಿನ ತೂತು. ಕೈ ಚಾಚಿ ಅಳೆದೆ. ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು.

ಓಡುವಾಗ ಗಾಳಿ ಹೊಗೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತಿತ್ತು. ನಿಂತಾಗ, ಗಾಜು ಮುಚ್ಚಿದಾಗ, ಅದು ಹೋಗುವುದೆಲ್ಲಿಗೆ? ನಾಲ್ಕು ವರ್ಷ ಓದಿದವಳಿಗೆ ಇಷ್ಟು ಅರ್ಥವಾಗಲು ನೆಲಕ್ಕೆ ಕೂರಬೇಕಾಯಿತು.

ಎದ್ದು ಹುಸೇನಸಾಬರ ಅಂಗಡಿಗೆ ನಡೆದೆ. ಅವರು ಕೆಲಸ ಮಾಡುತ್ತಿರಲಿಲ್ಲ, ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ನನ್ನನ್ನು ನೋಡಿದೊಡನೆ ಅವರಿಗೆ ತಿಳಿಯಿತು. ಕಪಾಟಿನಿಂದ ನನ್ನ ನಕ್ಷೆ ತೆಗೆದು ಮುಂದಿಟ್ಟರು. ಎಣ್ಣೆ ಕೈಯ ಗುರುತುಗಳ ನಡುವೆ ನನ್ನ ಅಂಕಿಗಳು. ಬಾಲದ ಅಳತೆಯ ಸುತ್ತ ಯಾರೋ ಸೀಮೆಸುಣ್ಣದಿಂದ ಸುತ್ತು ಹಾಕಿದ್ದರು.

"ನಾ ಕೇಳಿದ್ದೆ ಬೇಟಿ. ಬಾಲ ಗಿಡ್ಡ ಆತಲ್ಲೋ ಮಾಂತೇಶ, ಇದು ಬಂಪರ್ ದಾಟಬೇಕು ಅಂದೆ. ಅಂವ ನಿನಗ ಫೋನ್ ಹಚ್ಚಿದ. ಫೋನ್ ಇಟ್ಟು ನಕ್ಕ. ಚಾಚಾ, ನೀವು ಗೇಣಿಲೆ ಅಳೀತೀರಿ, ನಮ್ಮ ತಂಗಿ ಕಂಪ್ಯೂಟರಿಲೆ ಅಳೀತಾಳ, ಅಕಿ ಬರದಂಗ ಕೊಯ್ರಿ ಅಂದ."

"ನಿಮಗ ಗೊತ್ತಿತ್ತಲ್ಲ ಚಾಚಾ." ನನ್ನ ದನಿ ಏರಿತು. "ನಲವತ್ತ ವರ್ಷದಾವರು ನೀವು. ಅಂವ ಅಂದ ಅಂತ ಕೊಯ್ದ್ರಿ?"

ಅವರು ಎರಡೂ ಅಂಗೈ ತೆರೆದು ನೋಡಿಕೊಂಡರು. "ಗೊತ್ತಿತ್ತು. ಆದ್ರ ಕಲಿತಾವರ ಕಾಗದ ಬೇಟಿ. ನಾ ಹೆಬ್ಬಟ್ಟ ಒತ್ತಾಂವ. ಇದರಾಗ ನನಗ ತಿಳೀಲಾರದ್ದು ಏನೋ ಇರಬೇಕು ಅಂದ್ಕೊಂಡೆ."

ನಾನು ನಕ್ಷೆಯನ್ನು ಮಡಚಿ ಕೈಗೆ ತೆಗೆದುಕೊಂಡೆ. ಹೊರಡುವಾಗ ಅವರು ಅಂದರು: "ಅವ್ವಗ ಹೇಳಬ್ಯಾಡ. ಕೇಳಿದ್ರ ಚಾಚಾ ತಪ್ಪ ಮಾಡಿದ ಅನ್ನು. ನಂದ ಕೈ ಅದು. ಖರೇನೂ ಹೌದು."

ಸೆಪ್ಟೆಂಬರಿನಲ್ಲಿ ಧಾರವಾಡದ ಒಂದು ಕಂಪನಿಯಿಂದ ನೌಕರಿಯ ಪತ್ರ ಬಂತು. ಗಾಡಿಗಳ ಬಿಡಿಭಾಗ ಮಾಡುವ ಕಂಪನಿ. ನನ್ನ ಪ್ರಾಜೆಕ್ಟು ನೋಡಿಯೇ ಆರಿಸಿದ್ದರು, ಅದೇ ಕೆಲಸಕ್ಕೆ. ಅವ್ವ ಪತ್ರವನ್ನು ಅಣ್ಣನ ಫೋಟೋದ ಮುಂದಿಟ್ಟು ಊದುಬತ್ತಿ ಹಚ್ಚಿದಳು. "ನೋಡೋ ಮಾಂತೇಶ, ನೀ ಅಂದಂಗ ಆತು. ತಂಗಿಗೆ ನಿನ್ನ ಗಾಡೀನ ಅನ್ನಾ ಕೊಟ್ಟಿತು." ಆಮೇಲೆ ಓಣಿಗೆ ಸಕ್ಕರೆ ಹಂಚಲು ತಟ್ಟೆ ತೆಗೆದಳು.

ಆ ಸಕ್ಕರೆ ಹಂಚುವುದನ್ನು ನಿಂತು ನೋಡಲು ನನ್ನಿಂದಾಗಲಿಲ್ಲ. ತಟ್ಟೆ ಹಿಡಿದ ಅವಳ ಕೈ ಹಿಡಿದು ಕೂರಿಸಿ ಹೇಳಿದೆ. ಚಾಚಾ ಹೇಳಿಕೊಟ್ಟ ಸುಳ್ಳು ಹೇಳಲಿಲ್ಲ. ಕಾಗದ ನನ್ನದು, ಅಳತೆ ನನ್ನದು, ನೂಲು ಸಾಲದೆ ಸೆರಗು ಗಿಡ್ಡ ಮಾಡಿದ್ದೆ, ಅಣ್ಣ ಅದನ್ನೇ ಸೀರೆ ಎಂದು ತಿಳಿದ.

ಅವ್ವ ಅಳಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಕೇಳಿದಳು: "ಅಂವ ನಿನ್ನ ಕೇಳಿದ್ನ?"

"ಕೇಳಿದ್ದ. ಫೋನ್ ಮಾಡಿದ್ದ."

"ಎಷ್ಟೊತ್ತ ಮಾತಾಡಿದ್ರಿ?"

"ಅರ್ಧ ನಿಮಿಷ ಆಗಿರಬೇಕವ್ವ."

ಸಕ್ಕರೆಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. "ನೌಕರಿಗೆ ಹೋಗು" ಎಂದಳು. "ಅಂವ ಓದಿಸಿದ್ದು ಅದಕ್ಕ." ರಾಟೆಯ ಮುಂದೆ ಹೋಗಿ ಕೂತಳು. ಅದರ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತು ಇಷ್ಟೇ. ಆಮೇಲೆ ಎಷ್ಟೋ ಸಲ ಬೈಯಲಿ ಎಂದು ಕಾದಿದ್ದೇನೆ. ಬೈದಿಲ್ಲ.

ನೌಕರಿಗೆ ಹೋದೆ. ಇಂದಿಗೂ ಅದೇ ಕೆಲಸ ಮಾಡುತ್ತೇನೆ, ಚೆನ್ನಾಗಿಯೇ ಮಾಡುತ್ತೇನೆ. ಹೊಸದಾಗಿ ಬಂದವರಿಗೆ ನಾನೇ ಕಲಿಸುತ್ತೇನೆ. ಪಗಾರದಲ್ಲಿ ಅವ್ವನಿಗೆ ಮನೆಯ ಮೇಲ್ಛಾವಣಿ ಮಾಡಿಸಿದೆ, ಹಬ್ಬಕ್ಕೆ ಸೀರೆ ಒಯ್ಯುತ್ತೇನೆ, ಉಡುತ್ತಾಳೆ. ನಾನು ಹೋದಾಗ ಬಿಸಿ ರೊಟ್ಟಿ ಬಡಿದು ಹಾಕುತ್ತಾಳೆ, ಇನ್ನೊಂದು ತಿನ್ನು ಎಂದು ಗದರುತ್ತಾಳೆ. ಯಾವುದಕ್ಕೂ ಕೊರತೆಯಿಲ್ಲ.

ಹುನಗುಂದದಲ್ಲಿ ಆ ವ್ಯಾನಿನ ಗಾಜು ಬಡಿದ ದಿನ ನಾನು ಮನೆ ಮುಟ್ಟಿದಾಗ ಅವ್ವ ಒಲೆಯ ಮುಂದೆ ನಿಂತಿದ್ದಳು. ಸಿಲಿಂಡರಿನಿಂದ ಒಲೆಗೆ ಹೋಗುವ ರಬ್ಬರಿನ ಪೈಪು ಬಿರುಕು ಬಿಟ್ಟಿತ್ತು, ಹೊಸದು ತರಿಸಿಟ್ಟಿದ್ದಳು. ನಾನು ಒದ್ದೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ಚಾಚಿದೆ. "ತಾ ಅವ್ವ, ನಾ ಹಾಕ್ತೇನಿ."

ಪೈಪು ಅವಳ ಕೈಯಲ್ಲೇ ಉಳಿಯಿತು. "ನೀ ಈಗ ಬಂದೀದಿ, ಕೂಡ್ರು" ಎಂದಳು, ಬಹಳ ಮೆತ್ತಗೆ. ಆಮೇಲೆ ಹಿತ್ತಲ ಗೋಡೆಯ ಹತ್ತಿರ ಹೋಗಿ ಪಕ್ಕದ ಮನೆಯವರನ್ನು ಕರೆದಳು. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಬಂದು, ನನ್ನನ್ನು ನೋಡಿ ನಕ್ಕು, "ಮನ್ಯಾಗ ಇಂಜಿನೇರ್ ಇಟ್ಟಕೊಂಡು ನನ್ನ ಕರೀತೀರೇನವಾ?" ಎಂದರು.

ಅವ್ವ ಪೈಪನ್ನು ಅವರ ಕೈಗೆ ಕೊಟ್ಟಳು. ಮಳೆಗೆ ಕರೆಂಟು ಹೋಗಿ ಅಡುಗೆಮನೆ ಕತ್ತಲಾಗಿತ್ತು. ಅವರು ಬಗ್ಗಿ ಪೈಪು ಸಿಕ್ಕಿಸುತ್ತಿದ್ದರೆ, ನಾನು ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತೆ.